ಮಾಂಸದಂಗಡಿಯ ಕೆಲಸಗಾರರ ಮನಸ್ಸಿನ ಆರೋಗ್ಯ: ಅಂಗಡಿಯಲ್ಲಿ, ಮನೆಯಲ್ಲಿ, ಆಸ್ಪತ್ರೆಯಲ್ಲಿ ಏನು ಮಾಡಬೇಕು

ಯುಗಾದಿಯ ಮಾರನೆಯ ದಿನ, ಹೊಸತೊಡಕಿನಂದು, ಹಳೆ ಮೈಸೂರು ಸೀಮೆಯ ಮಟನ್ ಅಂಗಡಿಗಳ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟುತ್ತಾರೆ. ಸಾಲಿನಲ್ಲಿ ನಿಂತವರಿಗೆ ಕಾಣುವುದು ತಕ್ಕಡಿ, ಕೊಕ್ಕೆಗೆ ನೇತುಹಾಕಿದ ಮಾಂಸ ಮತ್ತು ಕೊರಡಿನ ಮೇಲೆ ಬಿಡುವಿಲ್ಲದೆ ಬೀಳುವ ಮಚ್ಚು. ಹಿಂದಿನ ರಾತ್ರಿಯಿಂದ ಒಂದೇ ಸಮನೆ ಕುರಿ ಕೊಯ್ದು, ಚರ್ಮ ಸುಲಿದು, ಬೋಟಿ ತೊಳೆದು, ನಿಂತಲ್ಲೇ ಟೀ ಕುಡಿದು ಮತ್ತೆ ಕತ್ತಿ ಹಿಡಿದ ಕೆಲಸಗಾರನ ಮನಸ್ಸು ಹೇಗಿದೆ ಎಂಬ ಪ್ರಶ್ನೆ ಗಿರಾಕಿಗೂ ಹೊಳೆಯುವುದಿಲ್ಲ, ಮಾಲೀಕನಿಗೂ ಹೊಳೆಯುವುದಿಲ್ಲ. ಎಷ್ಟೋ ಸಲ ಆ ಕೆಲಸಗಾರನಿಗೂ ಹೊಳೆಯುವುದಿಲ್ಲ.

ಅವನು ಬಾಯಿ ಬಿಟ್ಟು ಹೇಳಿಕೊಂಡರೆ ಸಿಗುವ ಉತ್ತರಗಳು ಎರಡೇ. ಕಸುಬಿನ ಒಳಗಿನವರು "ಅಭ್ಯಾಸ ಆಗುತ್ತೆ ಬಿಡು" ಎನ್ನುತ್ತಾರೆ. ಹೊರಗಿನವರು "ಅಂಥ ಕೆಲಸ ಯಾಕೆ ಮಾಡ್ತೀಯ, ಬಿಟ್ಟುಬಿಡು" ಎನ್ನುತ್ತಾರೆ. ಎರಡೂ ಮಾತು ಅವನ ಬಾಯಿ ಮುಚ್ಚಿಸುತ್ತವೆ. ಕೆಲಸವನ್ನು ಮಾಡುತ್ತಲೇ ಮನಸ್ಸನ್ನು ಕಾಪಾಡಿಕೊಳ್ಳಲು ದಾರಿಗಳಿವೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆಯೂ ಇದೆ ಎಂಬುದನ್ನು ತಿಳಿಸುವುದಕ್ಕಾಗಿ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಇದು ಕೋಳಿ ಅಂಗಡಿ, ಮಟನ್ ಅಂಗಡಿ, ಹಂದಿ ಮಾಂಸದ ಅಂಗಡಿ ಮತ್ತು ಕಸಾಯಿಖಾನೆಗಳಲ್ಲಿ ದುಡಿಯುವವರಿಗೆ, ಅವರ ಮನೆಯವರಿಗೆ ಮತ್ತು ಅವರನ್ನು ಕೆಲಸಕ್ಕಿಟ್ಟುಕೊಂಡ ಮಾಲೀಕರಿಗೆ ಸೇರಿದ್ದು.

ಮೊದಲ ಹೆಜ್ಜೆ: ಮನಸ್ಸಿಗೆ ಭಾರವಾಗಿರುವುದು ಯಾವುದೆಂದು ಬಿಡಿಸಿ ನೋಡಿ

"ಈ ಕೆಲಸದಿಂದ ತಲೆ ಕೆಟ್ಟಿದೆ" ಎಂಬ ಒಂದೇ ಮಾತಿನಲ್ಲಿ ನಾಲ್ಕಾರು ಬೇರೆ ಬೇರೆ ಕಾರಣಗಳು ಸೇರಿಕೊಂಡಿರುತ್ತವೆ. ಒಂದೊಂದಕ್ಕೂ ಪರಿಹಾರ ಬೇರೆಯಾದ್ದರಿಂದ ಅವುಗಳನ್ನು ಬಿಡಿಸಿಕೊಳ್ಳದೆ ಮುಂದೆ ಹೋಗಿ ಪ್ರಯೋಜನವಿಲ್ಲ.

ಒಂದು ಕಾರಣ ಕೊಲ್ಲುವ ಕೆಲಸವೇ. ದೊಡ್ಡ ಕಸಾಯಿಖಾನೆಗಳಲ್ಲಿ ಈ ಕೆಲಸ ಹಲವರ ಕೈಗೆ ಹಂಚಿಹೋಗಿರುತ್ತದೆ. ನಮ್ಮ ಬಡಾವಣೆಯ ಕೋಳಿ ಅಂಗಡಿಯಲ್ಲಿ ಹಾಗಲ್ಲ: ಪಂಜರಕ್ಕೆ ಕೈ ಹಾಕಿ ಕೋಳಿ ಹಿಡಿಯುವವನೂ, ಅದನ್ನು ತೂಕಕ್ಕೆ ಇಡುವವನೂ, ಕತ್ತು ಕೊಯ್ಯುವವನೂ, ಸುಲಿದು ತುಂಡು ಮಾಡುವವನೂ ಒಬ್ಬನೇ. ಕೊಯ್ದ ಕೋಳಿಯನ್ನು ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿದ ಮೇಲೆ ಅದು ಒಳಗೆ ಬಡಿದುಕೊಳ್ಳುವ ಸದ್ದು ನಿಲ್ಲುವತನಕ ಅವನು ಪಕ್ಕದಲ್ಲೇ ನಿಂತಿರಬೇಕು, ಅಷ್ಟರಲ್ಲಿ ಮುಂದಿನ ಗಿರಾಕಿ ತನಗೆ ಬೇಕಾದ ಕೋಳಿಯತ್ತ ಬೆರಳು ತೋರಿಸಿರುತ್ತಾನೆ. ಹೊಸದಾಗಿ ಸೇರಿದ ಹುಡುಗನಿಗೆ ಮೊದಲ ವಾರಗಳಲ್ಲಿ ಊಟ ಸೇರದಿರುವುದು, ಆ ಸದ್ದು ರಾತ್ರಿ ಕಿವಿಯಲ್ಲಿ ಉಳಿಯುವುದು ಅಪರೂಪವೇನಲ್ಲ. ನೋವನ್ನು ಅನುಭವಿಸಿದವರಂತೆಯೇ, ನೋವುಂಟುಮಾಡುವ ಕೆಲಸವನ್ನು ತಮ್ಮ ಕೈಯಿಂದ ಮಾಡಬೇಕಾಗಿ ಬಂದವರಲ್ಲಿಯೂ ಆಘಾತದ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ ಎಂಬ ವಿಚಾರವನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ರೇಚೆಲ್ ಮ್ಯಾಕ್‌ನೇರ್ 2002ರಲ್ಲಿ ವಿವರವಾಗಿ ಮಂಡಿಸಿದರು. ಸೈನಿಕರ ಜೊತೆಗೆ ಕಸಾಯಿಖಾನೆಯ ಕೆಲಸಗಾರರಿಗೂ ಇದು ಅನ್ವಯಿಸುತ್ತದೆಯೇ ಎಂಬುದು ಆಮೇಲಿನ ಅಧ್ಯಯನಗಳ ವಿಷಯವಾಯಿತು. ಈ ಕೆಲಸಗಾರರಲ್ಲಿ ಖಿನ್ನತೆ ಮತ್ತು ಆತಂಕದ ಪ್ರಮಾಣ ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿದೆ.

ಹಾಗೆಂದು ಕತ್ತಿ ಹಿಡಿದವರೆಲ್ಲ ರೋಗಿಗಳಲ್ಲ. ತಲೆಮಾರುಗಳಿಂದ ಮಾಂಸದ ಕಸುಬು ಮಾಡುತ್ತ ಬಂದ ಖುರೇಶಿ, ಕಟಿಕ ಮನೆತನಗಳಲ್ಲಿ ಹುಟ್ಟಿ, ತಂದೆಯ ಪಕ್ಕ ನಿಂತು, ಪ್ರಾಣಿಯನ್ನು ಹೇಗೆ ಮುಟ್ಟಬೇಕು, ಯಾವ ಮಾತು ಹೇಳಿ ಕತ್ತಿ ಇಡಬೇಕು ಎಂಬುದನ್ನು ಕಲಿತವರಿಗೆ ಆ ಕೆಲಸಕ್ಕೆ ಒಂದು ಅರ್ಥವಿರುತ್ತದೆ, ಸುತ್ತ ತಮ್ಮವರಿರುತ್ತಾರೆ. ಬಿಹಾರದಿಂದಲೋ ಅಸ್ಸಾಮಿನಿಂದಲೋ ಬಂದು, ಭಾಷೆ ಬಾರದ ಊರಿನಲ್ಲಿ, ಅಂಗಡಿಯ ಹಿಂದಿನ ಕೋಣೆಯಲ್ಲೇ ಮಲಗುವ ಹತ್ತೊಂಬತ್ತರ ಹುಡುಗನಿಗೆ ಇವೆರಡೂ ಇರುವುದಿಲ್ಲ. ಒಂದೇ ಕೆಲಸ ಇಬ್ಬರ ಮೇಲೆ ಒಂದೇ ರೀತಿ ಭಾರ ಹಾಕುವುದಿಲ್ಲ ಎಂಬುದನ್ನು ಮಾಲೀಕರು ಮೊದಲು ಒಪ್ಪಿಕೊಳ್ಳಬೇಕು.

ಎರಡನೆಯದು ಹಣದ ಏರುಪೇರು. ಶ್ರಾವಣದಲ್ಲಿ, ಕಾರ್ತಿಕದಲ್ಲಿ, ಅಯ್ಯಪ್ಪ ಮಾಲೆಯ ದಿನಗಳಲ್ಲಿ ವ್ಯಾಪಾರ ಇಳಿಯುತ್ತದೆ. ಗಾಂಧಿ ಜಯಂತಿ, ಮಹಾವೀರ ಜಯಂತಿ, ಸರ್ವೋದಯ ದಿನದಂಥ ದಿನಗಳಲ್ಲಿ ಬೆಂಗಳೂರಿನಲ್ಲಿ ಮಾಂಸ ಮಾರಾಟಕ್ಕೇ ನಿಷೇಧವಿರುತ್ತದೆ. ಇವೆಲ್ಲ ಮೊದಲೇ ಗೊತ್ತಿರುವಂಥವು. ಗೊತ್ತಿಲ್ಲದೆ ಬಂದೆರಗುವುದು ರೋಗ ಮತ್ತು ವದಂತಿ. 2020ರ ಆರಂಭದಲ್ಲಿ ಕೋಳಿ ಮಾಂಸದಿಂದ ಕೊರೊನಾ ಬರುತ್ತದೆಂಬ ಸುಳ್ಳು ಸುದ್ದಿ ಹಬ್ಬಿ ದರ ನೆಲ ಕಚ್ಚಿದಾಗ ಬೆಳಗಾವಿ ಜಿಲ್ಲೆಯಲ್ಲಿ ಸಾವಿರಾರು ಕೋಳಿಗಳನ್ನು ಜೀವಂತ ಹೂತುಹಾಕಿದ್ದನ್ನು ನಾವೆಲ್ಲ ನೋಡಿದ್ದೇವೆ. ಆ ವರ್ಷವೇ ಮೈಸೂರಿನಲ್ಲಿ, ಮತ್ತೆ 2025ರಲ್ಲಿ ಬಳ್ಳಾರಿ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ, ಆರೋಗ್ಯವಾಗಿದ್ದ ಹಕ್ಕಿಗಳನ್ನೂ ಸೇರಿಸಿ ಕೊಲ್ಲುವ ಕೆಲಸ ಪಶುಪಾಲನಾ ಇಲಾಖೆಯ ಸಿಬ್ಬಂದಿಯ ಪಾಲಿಗೆ ಬಂತು. ಮೈತುಂಬ ರಕ್ಷಣಾ ಕವಚ ತೊಟ್ಟು, ತಿನ್ನುವುದಕ್ಕೂ ಅಲ್ಲದ, ಮಾರುವುದಕ್ಕೂ ಅಲ್ಲದ ಸಾವನ್ನು ರಾಶಿ ರಾಶಿಯಾಗಿ ನೋಡಿದವರನ್ನು, ಕೆಲಸ ಮುಗಿದ ಮೇಲೆ ಜ್ವರ ಇದೆಯೇ ಎಂದು ಕೇಳಿದಂತೆ ನಿದ್ದೆ ಬರುತ್ತಿದೆಯೇ ಎಂದೂ ಕೇಳಬೇಕು.

ಮೂರನೆಯದು ಅವಮಾನ ಮತ್ತು ಭಯ. ಬಾಡಿಗೆ ಮನೆ ಕೇಳಲು ಹೋದಾಗ ಕಸುಬು ಕೇಳಿದೊಡನೆ ಬಾಗಿಲು ಮುಚ್ಚುವುದು, ಬಸ್ಸಿನಲ್ಲಿ ಪಕ್ಕದವರು ಮೂಗು ಹಿಡಿದು ಸರಿದು ಕೂರುವುದು, ಅಪ್ಪನ ಕೆಲಸ ಏನೆಂದು ಶಾಲೆಯಲ್ಲಿ ಕೇಳಿದಾಗ ಮಗಳು ತಲೆ ತಗ್ಗಿಸುವುದು ದಿನವೂ ಸಣ್ಣದಾಗಿ ಚುಚ್ಚುವ ಸಂಗತಿಗಳು. 2020ರ ಗೋಹತ್ಯೆ ನಿಷೇಧ ಕಾಯ್ದೆ 2021ರ ಜನವರಿಯಲ್ಲಿ ಸುಗ್ರೀವಾಜ್ಞೆಯ ಮೂಲಕ ಜಾರಿಗೆ ಬಂದ ಮೇಲೆ ದನದ ಮಾಂಸದ ವ್ಯಾಪಾರ ನಂಬಿದವರ ಜೀವನವೇ ಬದಲಾಯಿತು. ಕಾಯ್ದೆ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ತಲೆಮಾರಿನ ಕಸುಬು ಒಮ್ಮೆಲೇ ಹೋದವನ ನಿದ್ದೆ ಹೋಗಿರುವುದು ಮಾತ್ರ ಆರೋಗ್ಯದ ವಿಷಯ. 2022ರ ಯುಗಾದಿಯ ಹೊತ್ತಿನಲ್ಲಿ ಹಲಾಲ್ ಮಾಂಸವನ್ನು ಬಹಿಷ್ಕರಿಸಬೇಕೆಂಬ ಪ್ರಚಾರ ನಡೆದಾಗ ಮುಸ್ಲಿಂ ಅಂಗಡಿಕಾರರು ಎದುರಿಸಿದ್ದು ನಷ್ಟದ ಜೊತೆಗೆ ಬೆದರಿಕೆಯನ್ನು. ಈ ಬಗೆಯ ಭಾರಕ್ಕೆ ಮಾತ್ರೆ ಮಾತ್ರ ಸಾಲದು. ಪರವಾನಗಿ, ಪ್ರಾಣಿ ಖರೀದಿಯ ರಸೀದಿ, ಪಶುವೈದ್ಯರ ಪ್ರಮಾಣಪತ್ರ ಇವುಗಳ ಪ್ರತಿಯನ್ನು ಅಂಗಡಿಯಲ್ಲೂ ಗಾಡಿಯಲ್ಲೂ ಇಟ್ಟುಕೊಂಡಿರಿ. ಬೆದರಿಕೆ ಬಂದರೆ ದಿನಾಂಕ ಸಮೇತ ಬರೆದಿಡಿ. ಉಚಿತ ಕಾನೂನು ನೆರವಿಗೆ 15100 ಸಂಖ್ಯೆಗೆ ಕರೆ ಮಾಡಿ. ಕಾಗದ ಸರಿಯಿದೆ, ಕೇಳಲು ಒಬ್ಬ ವಕೀಲರಿದ್ದಾರೆ ಎಂಬ ಧೈರ್ಯವೇ ಕೆಲವರಿಗೆ ರಾತ್ರಿಯ ನಿದ್ದೆಯನ್ನು ಹಿಂತಿರುಗಿಸುತ್ತದೆ.

ನಾಲ್ಕನೆಯದು ದೇಹದ ದಣಿವು. ಒದ್ದೆ ನೆಲದ ಮೇಲೆ ದಿನವಿಡೀ ನಿಲ್ಲುವುದು, ಮಂಜುಗಡ್ಡೆಯಿಂದ ಜೋಮು ಹಿಡಿದ ಬೆರಳು, ಮಚ್ಚು ಬೀಸಿ ಬೀಸಿ ಹಿಡಿದುಕೊಂಡ ಭುಜ, ಎಲ್ಲಕ್ಕಿಂತ ಹೆಚ್ಚಾಗಿ ನಿದ್ದೆಗೇಡು. ಇದನ್ನು ಹೆಚ್ಚು ವಿವರಿಸಬೇಕಿಲ್ಲ, ಮಾಡುವವರಿಗೆ ಗೊತ್ತು.

ಒಂದು ವಾರ ಮೊಬೈಲಿನಲ್ಲಿ ದನಿ ಮುದ್ರಿಸಿಯೋ, ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದೋ, ದಿನದ ಯಾವ ಹೊತ್ತು ಹೆಚ್ಚು ಕಷ್ಟವಾಯಿತು ಎಂದು ಗುರುತು ಮಾಡಿಕೊಳ್ಳಿ. ಕೊಯ್ಯುವ ಹೊತ್ತೇ, ಮಾಲೀಕ ಲೆಕ್ಕ ಕೇಳುವ ಹೊತ್ತೇ, ಮನೆಗೆ ಹೋಗುವ ದಾರಿಯೇ, ಮಲಗಿದ ಮೇಲೆಯೇ? ವಾರದ ಕೊನೆಗೆ ಆ ಗುರುತುಗಳನ್ನು ನೋಡಿದರೆ ಮೂಲ ತಕ್ಕಮಟ್ಟಿಗೆ ತಿಳಿಯುತ್ತದೆ, ಮುಂದೆ ವೈದ್ಯರಿಗೆ ಹೇಳುವುದಕ್ಕೂ ಅದೇ ಆಧಾರವಾಗುತ್ತದೆ.

ಎರಡನೆಯ ಹೆಜ್ಜೆ: ಲಕ್ಷಣಗಳನ್ನು ಗಮನಿಸಿ, ಎರಡು ವಾರದ ಗಡಿ ಇಟ್ಟುಕೊಳ್ಳಿ

ಬೇಸರ, ಸುಸ್ತು, ಒಂದೆರಡು ರಾತ್ರಿ ಕೆಟ್ಟ ಕನಸು ಯಾರಿಗಾದರೂ ಬರುತ್ತವೆ. ಇವು ಹೆಚ್ಚುಕಡಿಮೆ ಪ್ರತಿದಿನವೂ, ಎರಡು ವಾರ ಮೀರಿ ಮುಂದುವರಿದರೆ, ಜೊತೆಗೆ ಕೆಲಸಕ್ಕೂ ಮನೆಗೂ ಅಡ್ಡಿಯಾದರೆ ವೈದ್ಯರನ್ನು ಕಾಣುವ ಹೊತ್ತು ಬಂದಿದೆ ಎಂದು ತಿಳಿಯಬೇಕು.

ಈ ಕಸುಬಿನಲ್ಲಿ ವಿಶೇಷವಾಗಿ ನೋಡಬೇಕಾದ ಕೆಲವು ಲಕ್ಷಣಗಳಿವೆ. ಎಷ್ಟು ಸಲ ಸೋಪು ಹಾಕಿ ತೊಳೆದರೂ ಕೈಯಿಂದ ವಾಸನೆ ಹೋಗಿಲ್ಲವೆಂದು ಮತ್ತೆ ಮತ್ತೆ ತೊಳೆಯುವುದು; ಅಂಗಡಿಯಲ್ಲಿ ಬೇಕಾಗುವ ಕಲ್ಲುಮನಸ್ಸು ಮನೆಗೆ ಬಂದ ಮೇಲೂ ಕರಗದೆ, ಮಗು ಬಿದ್ದು ಅತ್ತರೂ ಒಳಗೆ ಏನೂ ಅನ್ನಿಸದಿರುವುದು; ಸಣ್ಣ ಮಾತಿಗೆ ಕೈ ಎತ್ತುವುದು; ಪ್ರಾಣಿಯ ಮೇಲೆ ಅಗತ್ಯವಿಲ್ಲದ ಸಿಟ್ಟು ತೀರಿಸಿಕೊಳ್ಳುವುದು. ವರ್ಷಗಳಿಂದ ಕತ್ತಿ ಹಿಡಿದವನ ಬೆರಳು ಒಂದೇ ತಿಂಗಳಲ್ಲಿ ಮತ್ತೆ ಮತ್ತೆ ಕೊಯ್ದುಕೊಳ್ಳುತ್ತಿದ್ದರೆ ಅದನ್ನು ಅಜಾಗರೂಕತೆ ಎಂದು ಬೈಯುವ ಮೊದಲು ಅವನ ನಿದ್ದೆಯನ್ನು ವಿಚಾರಿಸಿ. ಗಮನ ಚೆದುರಿರುವುದು ಈ ಕಸುಬಿನಲ್ಲಿ ಮೊದಲು ಕಾಣಿಸಿಕೊಳ್ಳುವುದು ಬೆರಳಿನ ಪಟ್ಟಿಯಲ್ಲೇ.

ಮನಸ್ಸಿನದೇ ತೊಂದರೆ ಎಂದು ತೀರ್ಮಾನಿಸುವ ಮೊದಲು ಒಂದು ರಕ್ತಪರೀಕ್ಷೆ ಅಗತ್ಯ. ಕುರಿ, ಮೇಕೆ, ದನ ಮತ್ತು ಹಂದಿಗಳ ರಕ್ತ, ಗರ್ಭಕೋಶ, ಮಾಂಸಗಳ ಸಂಪರ್ಕದಿಂದ ಬರುವ ಬ್ರುಸೆಲ್ಲೋಸಿಸ್ ಎಂಬ ಸೋಂಕು ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲುನೋವು, ತೀರದ ಸುಸ್ತಿನ ಜೊತೆಗೆ ಮಂಕು ಕವಿದಂಥ ಬೇಸರವನ್ನೂ ತರುತ್ತದೆ. ಇದು ಮಾಂಸದ ಕೆಲಸಗಾರರಿಗೆ ತಗಲುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು, ಸರಿಯಾದ ಆಂಟಿಬಯಾಟಿಕ್‌ನಿಂದ ವಾಸಿಯೂ ಆಗುತ್ತದೆ. ಆದರೆ ನೀವು ಏನು ಕೆಲಸ ಮಾಡುತ್ತೀರಿ ಎಂದು ಹೇಳದಿದ್ದರೆ ವೈದ್ಯರಿಗೆ ಅದು ಹೊಳೆಯದೇ ಹೋಗಬಹುದು. ಆದ್ದರಿಂದ ನಾಚಿಕೊಳ್ಳದೆ ಕಸುಬನ್ನು ಹೇಳಿ. ಥೈರಾಯ್ಡ್ ತೊಂದರೆ ಮತ್ತು ರಕ್ತಹೀನತೆಯನ್ನೂ ಇದೇ ಸಮಯದಲ್ಲಿ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಮೂರನೆಯ ಹೆಜ್ಜೆ: ಸಾವಿನ ಮಾತು ಬಂದರೆ ಕಾಯಬೇಡಿ

"ನಾನಿದ್ದು ಏನು ಪ್ರಯೋಜನ", "ಎಲ್ಲ ಮುಗಿಸಿಬಿಡೋಣ ಅನ್ನಿಸುತ್ತೆ" ಎಂಬ ಮಾತು ಕೇಳಿಬಂದರೆ ಉಳಿದ ಹೆಜ್ಜೆಗಳನ್ನೆಲ್ಲ ಬದಿಗಿಟ್ಟು ಇದನ್ನು ಮಾಡಿ. ನೇರವಾಗಿ ಕೇಳಿ: "ಅಣ್ಣ, ಸಾಯಬೇಕು ಅಂತ ಯೋಚನೆ ಬರ್ತಿದೆಯಾ?" ಹೀಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇರುವ ಯೋಚನೆ ಹೊರಬರುತ್ತದೆ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ. ಈ ಕಸುಬಿನವರ ಮನೆಯಲ್ಲೂ ಅಂಗಡಿಯಲ್ಲೂ ಹರಿತವಾದ ಕತ್ತಿಗಳು ಕೈಗೆಟಕುವಂತೆ ಇರುತ್ತವೆ, ಅವುಗಳನ್ನು ಆ ದಿನವೇ ಬೇರೆಯವರ ವಶಕ್ಕೆ ಕೊಡಿ. ಹಳ್ಳಿಯ ಮನೆಯಾದರೆ ಕೀಟನಾಶಕವನ್ನೂ ಮನೆಯಿಂದ ಹೊರಗೆ ಸಾಗಿಸಿ. ಪ್ರಾಣಾಪಾಯವಿದ್ದರೆ 112ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಪೊಲೀಸ್ ಕೇಸಾಗುತ್ತದೆಂಬ ಭಯದಿಂದ ಮುಚ್ಚಿಡುವವರು ಇನ್ನೂ ಇದ್ದಾರೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ.

ನಾಲ್ಕನೆಯ ಹೆಜ್ಜೆ: ಅಂಗಡಿಯ ಕೆಲಸದ ರೀತಿಯನ್ನು ಬದಲಾಯಿಸಿ

ಇದು ಮುಖ್ಯವಾಗಿ ಮಾಲೀಕರ ಹೆಜ್ಜೆ. ಕೆಲಸಗಾರನಿಗೆ ಧೈರ್ಯ ಹೇಳುವುದು ಸುಲಭ, ಕೆಲಸದ ಕ್ರಮವನ್ನು ಬದಲಿಸುವುದು ಕಷ್ಟ. ಆದರೆ ಫಲ ಕೊಡುವುದು ಎರಡನೆಯದೇ ಎಂಬುದು ನನ್ನ ದೃಢವಾದ ನಂಬಿಕೆ.

ಕೊಯ್ಯುವ ಕೆಲಸವನ್ನು ಒಬ್ಬನಿಗೇ ಕಟ್ಟಬೇಡಿ. ಇಬ್ಬರು ಮೂವರಿರುವ ಅಂಗಡಿಯಲ್ಲಿ ಕೊಯ್ಯುವುದು, ತುಂಡು ಮಾಡುವುದು, ಗಲ್ಲಾ ಮತ್ತು ತಕ್ಕಡಿ ನೋಡಿಕೊಳ್ಳುವುದು ಇವುಗಳನ್ನು ದಿನಕ್ಕೊಬ್ಬರಂತೆ ಅದಲು ಬದಲು ಮಾಡಿ. ಹಲಾಲ್ ಮಾಡಲು ಬಲ್ಲವನು ಒಬ್ಬನೇ ಇದ್ದರೆ ಅವನಿಗೆ ಆ ಕೆಲಸದ ನಡುವೆ ಬಿಡುವು ಸಿಗುವಂತೆ ಉಳಿದ ಕೆಲಸವನ್ನು ಬೇರೆಯವರಿಗೆ ಹಂಚಿ. ಕೋಳಿ ಅಂಗಡಿಯವರು ಡ್ರಮ್ಮಿನ ಬದಲು ಗೋಡೆಗೆ ಹೊಡೆದ ತಗಡಿನ ಕೋನ್‌ಗಳನ್ನು ಬಳಸಬೇಕು. ಕೋಳಿಯನ್ನು ತಲೆಕೆಳಗಾಗಿ ಅದರೊಳಗೆ ಇಳಿಸಿದರೆ ರೆಕ್ಕೆ ಬಡಿಯಲಾಗದೆ ಅದು ಶಾಂತವಾಗುತ್ತದೆ, ಕೊಯ್ತ ಒಂದೇ ಏಟಿಗೆ ಸರಿಯಾಗಿ ಬೀಳುತ್ತದೆ, ರಕ್ತ ಮುಖಕ್ಕೆ ಎರಚುವುದಿಲ್ಲ, ಆ ಬಡಿದಾಟದ ಸದ್ದೂ ಬಹುಮಟ್ಟಿಗೆ ನಿಲ್ಲುತ್ತದೆ. ಖರ್ಚು ದೊಡ್ಡದಲ್ಲ, ವೆಲ್ಡಿಂಗ್ ಅಂಗಡಿಯವರೇ ಮಾಡಿಕೊಡುತ್ತಾರೆ.

ಕತ್ತಿಯನ್ನು ದಿನವೂ ಮಸೆಯಿರಿ. ಮೊಂಡು ಕತ್ತಿಯಿಂದ ಪ್ರಾಣಿಗೆ ನೋವು ಹೆಚ್ಚು, ಕೈಗೂ ಶ್ರಮ ಹೆಚ್ಚು, ಕೊಯ್ದವನ ಮನಸ್ಸಿನಲ್ಲಿ ಉಳಿಯುವುದೂ ಆ ಸರಿಯಾಗಿ ಬೀಳದ ಏಟೇ. ಪ್ರಾಣಿಯ ಎದುರಿಗೆ ಕತ್ತಿ ಮಸೆಯಬಾರದು, ಒಂದರ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದು ಎಂಬುದು ಹಲಾಲ್ ಪದ್ಧತಿಯಲ್ಲಿ ಹಿರಿಯರು ಕಲಿಸುತ್ತ ಬಂದ ನಿಯಮ. 2001ರ ಕೇಂದ್ರ ಸರ್ಕಾರದ ಕಸಾಯಿಖಾನೆ ನಿಯಮಗಳೂ ಒಂದು ಪ್ರಾಣಿಯ ಎದುರು ಇನ್ನೊಂದನ್ನು ಕೊಲ್ಲುವುದನ್ನು ನಿಷೇಧಿಸಿವೆ. ಪ್ರಾಣಿಗೆ ದಯೆ ತೋರಲು ಮಾಡಿದ ಈ ನಿಯಮಗಳು ಮನುಷ್ಯನ ಮನಸ್ಸನ್ನೂ ಕಾಯುತ್ತವೆ. ಹೆದರಿ ಕೊಸರಾಡುವ ಪ್ರಾಣಿಯನ್ನು ಅದುಮಿ ಹಿಡಿಯಬೇಕಾಗಿ ಬರುವುದೇ ಕೆಲಸಗಾರನಿಗೆ ಅತ್ಯಂತ ಕಷ್ಟದ ಗಳಿಗೆ. ಅದೇ ನಿಯಮಗಳು ಪಶುವೈದ್ಯರು ಗಂಟೆಗೆ 12ಕ್ಕಿಂತ, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ಪರೀಕ್ಷಿಸಬಾರದೆಂದು ಮಿತಿ ಹಾಕಿವೆ. ಪರೀಕ್ಷಿಸುವವರ ಗಮನಕ್ಕೆ ಮಿತಿಯುಂಟೆಂದು ಒಪ್ಪಿಕೊಳ್ಳುವುದಾದರೆ ಕೊಯ್ಯುವವನ ಗಮನಕ್ಕೂ ಮಿತಿಯುಂಟೆಂದು ಒಪ್ಪಿಕೊಂಡು ಅಂಗಡಿಯೇ ಒಂದು ಲೆಕ್ಕ ಇಟ್ಟುಕೊಳ್ಳುವುದು ನ್ಯಾಯ.

ಹದಿನೆಂಟು ತುಂಬದವರನ್ನು ಕಸಾಯಿಖಾನೆಯಲ್ಲಿ ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ ಎಂಬುದು ಕೂಡ ಅದೇ ನಿಯಮಗಳಲ್ಲಿದೆ. ಸ್ವಂತ ಅಂಗಡಿಯಾದರೂ ಮಗನನ್ನು ಶಾಲೆ ಬಿಡಿಸಿ ಕೊಯ್ಯುವ ಜಾಗದಲ್ಲಿ ನಿಲ್ಲಿಸಬೇಡಿ.

ವಾರದ ರಜೆ ದಯೆಯಿಂದ ಕೊಡುವ ಕೊಡುಗೆಯಲ್ಲ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರದಲ್ಲಿ ಒಂದು ಪೂರ್ತಿ ರಜೆ ಎಂದು ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ಸೋಮವಾರ, ಶನಿವಾರ ಮಾಂಸ ತಿನ್ನದ ಮನೆಗಳು ಬಹಳವಿರುವುದರಿಂದ ಆ ದಿನಗಳಲ್ಲಿ ಸರದಿಯ ಮೇಲೆ ರಜೆ ಕೊಟ್ಟರೆ ವ್ಯಾಪಾರಕ್ಕೂ ಹೊಡೆತ ಬೀಳುವುದಿಲ್ಲ. ಹೊಸತೊಡಕು, ಬಕ್ರೀದ್, ಮಾರಿಹಬ್ಬ, ಪಿತೃಪಕ್ಷದಂಥ ದಿನಗಳಿಗೆ ಮೊದಲೇ ಹೆಚ್ಚುವರಿ ಕೈಗಳನ್ನು ಗೊತ್ತುಮಾಡಿಕೊಳ್ಳಿ. ರಾತ್ರಿ ಕೊಯ್ದವನನ್ನು ಬೆಳಿಗ್ಗೆ ಮಾರಾಟಕ್ಕೆ ನಿಲ್ಲಿಸದೆ ಮಲಗಲು ಕಳಿಸಿ. ಹಬ್ಬದ ಮಾರನೆಯ ದಿನ ಸಂಬಳ ಸಹಿತ ರಜೆ ಕೊಡಿ. ಹಬ್ಬದ ದಿನ ದುಡಿದ ದುಡ್ಡನ್ನು ಅಂದೇ ಕೈಗಿಡುವುದರಿಂದ ಸಿಗುವ ಸಮಾಧಾನವನ್ನು ಕಡಿಮೆ ಎಂದು ಎಣಿಸಬೇಡಿ.

ಐದನೆಯ ಹೆಜ್ಜೆ: ಕೆಲಸವನ್ನು ಅಂಗಡಿಯಲ್ಲೇ ಇಳಿಸಿ ಮನೆಗೆ ಹೋಗಿ

ಅಂಗಡಿ ಮುಚ್ಚುವ ಮೊದಲು ಅಲ್ಲಿಯೇ ಕೈಕಾಲು ಮುಖ ತೊಳೆದು, ಬಟ್ಟೆ ಮತ್ತು ಚಪ್ಪಲಿ ಬದಲಾಯಿಸಿ, ಕೆಲಸದ ಬಟ್ಟೆಯನ್ನು ಮುಚ್ಚಿದ ಚೀಲಕ್ಕೆ ಹಾಕಿ ಹೊರಡುವುದನ್ನು ರೂಢಿ ಮಾಡಿಕೊಳ್ಳಿ. ಸೋಂಕು ಮನೆಗೆ ಬಾರದಿರಲು ಇದು ಹೇಗೂ ಬೇಕು. ಜೊತೆಗೆ ಕೆಲಸ ಮುಗಿಯಿತು ಎಂಬ ಸೂಚನೆ ಮನಸ್ಸಿಗೂ ಸಿಗುತ್ತದೆ. ನಮಾಜು ಮಾಡುವವರು, ದೀಪ ಹಚ್ಚುವವರು, ಹತ್ತು ನಿಮಿಷ ನಡೆದು ಹೋಗುವವರು ತಂತಮ್ಮ ರೀತಿಯಲ್ಲಿ ಈ ಗಡಿಯನ್ನು ಗಟ್ಟಿ ಮಾಡಿಕೊಳ್ಳಬಹುದು. ಮಾಲೀಕರು ಒಂದು ನಲ್ಲಿ, ಒಂದು ಮರೆ, ಬಿಸಿನೀರಿಗೆ ಒಂದು ಹೀಟರ್ ಒದಗಿಸಿದರೆ ಸಾಕು.

ಕುಡಿತದ ಮಾತನ್ನು ಇಲ್ಲಿ ಬಿಚ್ಚಿ ಹೇಳಲೇಬೇಕು. ಅನೇಕರಿಗೆ ಸಂಜೆಯ ಕ್ವಾರ್ಟರ್ ಎಂದರೆ ವಾಸನೆ, ಸದ್ದು, ಮೈಕೈ ನೋವು ಎಲ್ಲವನ್ನೂ ಒಮ್ಮೆಗೇ ಮರೆಸುವ ಔಷಧ. ಮೊದಲು ಅದು ನಿದ್ದೆ ಬರಿಸುತ್ತದೆ, ಆದರೆ ನಡುರಾತ್ರಿ ಎಚ್ಚರಗೊಳಿಸುತ್ತದೆ. ಕೆಲವು ತಿಂಗಳಲ್ಲಿ ಬೇಸರವನ್ನು ಮೊದಲಿಗಿಂತ ಹೆಚ್ಚು ಮಾಡುತ್ತದೆ. ಬೆಳಿಗ್ಗೆ ಅಂಗಡಿ ತೆರೆದಾಗ ಕತ್ತಿ ಹಿಡಿದ ಕೈ ನಡುಗುತ್ತಿದ್ದು, ಒಂದು ನೈಂಟಿ ಕುಡಿದ ಮೇಲೆ ಆ ನಡುಕ ನಿಲ್ಲುತ್ತದೆಂದರೆ ದೇಹ ಮದ್ಯಕ್ಕೆ ಒಗ್ಗಿಹೋಗಿದೆ ಎಂದೇ ಅರ್ಥ. ಅಂಥವರು ಹಟದಿಂದ ಒಮ್ಮೆಲೇ ಕುಡಿತ ನಿಲ್ಲಿಸಬಾರದು. ನಿಲ್ಲಿಸಿದ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು, ಪ್ರಾಣಕ್ಕೇ ಅಪಾಯವಾಗಬಹುದು. ದೇವಸ್ಥಾನದಲ್ಲಿ ಆಣೆ ಮಾಡಿಸಿ ಮನೆಯಲ್ಲಿ ಕೂಡಿಹಾಕುವ ಹಿರಿಯರು ಇದನ್ನು ದಯವಿಟ್ಟು ಗಮನಿಸಬೇಕು. ವೈದ್ಯರ ಮೇಲ್ವಿಚಾರಣೆಯಲ್ಲಿ, ಮಾತ್ರೆಯ ಸಹಾಯದಿಂದ ಸುರಕ್ಷಿತವಾಗಿ ನಿಲ್ಲಿಸಬಹುದು. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದಲ್ಲಿಯೂ ಈ ಸೌಲಭ್ಯವಿದೆ.

ಆರನೆಯ ಹೆಜ್ಜೆ: ಒಬ್ಬರಿಗೆ ಹೇಳಿ, ಕೇಳುವವರು ಸುಮ್ಮನೆ ಕೇಳಿ

ಎಲ್ಲರಿಗೂ ಹೇಳಬೇಕಿಲ್ಲ. ಅದೇ ಕಸುಬಿನಲ್ಲಿ ವರ್ಷಗಳಿಂದ ಇರುವ, ಆಡಿಕೊಳ್ಳದ ಒಬ್ಬ ಹಿರಿಯನನ್ನು ಆರಿಸಿಕೊಳ್ಳಿ. "ಭಾಯ್, ಮೊದಮೊದಲು ನಿಮಗೂ ಹೀಗೆ ಆಗ್ತಿತ್ತಾ?" ಎಂದು ಕೇಳಿದರೆ ಸಾಕು, ಬಹಳ ಸಲ ಅವರು ಯಾರಿಗೂ ಹೇಳದ್ದನ್ನು ನಿಮಗೆ ಹೇಳುತ್ತಾರೆ.

ಮನೆಯವರು ಮಾತು ಶುರುಮಾಡುವ ರೀತಿಯೂ ಮುಖ್ಯ. "ಏನಾಗಿದೆ ನಿಮಗೆ, ಯಾವಾಗಲೂ ಸಿಡಿಸಿಡಿ ಅಂತೀರ" ಎಂದರೆ ಜಗಳವಾಗುತ್ತದೆ. "ರೀ, ಎರಡು ವಾರದಿಂದ ನೀವು ರಾತ್ರಿ ಎದ್ದು ಕೂರ್ತಿದ್ದೀರ, ನಾನು ನೋಡ್ತಿದ್ದೀನಿ. ಅಂಗಡೀಲಿ ಏನಾದ್ರೂ ಆಯ್ತಾ?" ಎಂದು ಕಂಡದ್ದನ್ನಷ್ಟೇ ಹೇಳಿ, ಉತ್ತರಕ್ಕೆ ಕಾಯಿರಿ. ಅವರು ರಕ್ತ, ಸಾವು, ಪ್ರಾಣಿಯ ಕಣ್ಣು ಎಂದು ಮಾತಾಡತೊಡಗಿದರೆ "ಅಯ್ಯೋ, ಅದೆಲ್ಲ ಹೇಳಬೇಡಿ" ಎಂದು ತಡೆಯಬೇಡಿ. ಆ ಮಾತನ್ನು ತಡೆದರೆ ಇನ್ನೊಂದು ಸಲ ಅದು ಹೊರಬರುವುದಿಲ್ಲ. ಪಾಪ ಸುತ್ತಿಕೊಂಡಿದೆ, ಶಾಪ ತಟ್ಟಿದೆ ಎಂಬ ವಿವರಣೆಯನ್ನು ನೀವಾಗಿ ಸೇರಿಸಬೇಡಿ. ಪಾಪದ ಭಾವ ಅವರಲ್ಲೇ ಇದ್ದು, ನಂಬಿಕೆಯುಳ್ಳವರಾಗಿದ್ದರೆ, ತಿಳಿವಳಿಕೆಯುಳ್ಳ ಧರ್ಮಗುರುಗಳ ಜೊತೆ ಮಾತಾಡಿಸುವುದರಿಂದ ನೆಮ್ಮದಿ ಸಿಗಬಹುದು, ಆದರೆ ಅದಕ್ಕಾಗಿ ಚಿಕಿತ್ಸೆಯನ್ನು ಮುಂದೂಡಬಾರದು.

ಏಳನೆಯ ಹೆಜ್ಜೆ: ಚಿಕಿತ್ಸೆ ಪಡೆಯುವ ದಾರಿ

ಎಲ್ಲಕ್ಕಿಂತ ಸುಲಭವಾದದ್ದು ಫೋನು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. 1800 891 4416 ಸಂಖ್ಯೆಯಲ್ಲಿಯೂ ಸಿಗುತ್ತದೆ. ದಿನದ 24 ಗಂಟೆಯೂ ಉಚಿತ. ಕನ್ನಡದಲ್ಲಿ ಮಾತಾಡಬಹುದು, ಹೊರರಾಜ್ಯದ ಕೆಲಸಗಾರರು ಹಿಂದಿ ಅಥವಾ ತಮ್ಮ ಭಾಷೆಯನ್ನು ಆರಿಸಿಕೊಳ್ಳಬಹುದು. ಏನು ಹೇಳಬೇಕೆಂದು ತೋಚದಿದ್ದರೆ ಹೀಗೆ ಆರಂಭಿಸಿ: "ನಾನು ಕೋಳಿ ಅಂಗಡಿಯಲ್ಲಿ ಕೊಯ್ಯೋ ಕೆಲಸ ಮಾಡ್ತೀನಿ. ಒಂದು ತಿಂಗಳಿಂದ ನಿದ್ದೆ ಇಲ್ಲ, ಕೆಲಸಕ್ಕೆ ಹೋಗೋಕೆ ಭಯ ಆಗುತ್ತೆ."

ಎರಡನೆಯದು ತಾಲ್ಲೂಕು ಆಸ್ಪತ್ರೆ. ಮನಸ್ಸಿನ ಚಿಕಿತ್ಸೆಯನ್ನು ಜಿಲ್ಲೆಗಳಿಗೆ ಕೊಂಡೊಯ್ಯಬಹುದೆಂದು ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲೇ ತೋರಿಸಿಕೊಟ್ಟಿತು. ಆ ಮಾದರಿಯಿಂದಲೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋರೋಗ ತಜ್ಞರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯಿದೆ, ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ಕೇಳಿಕೊಂಡು ಹೋಗಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್, ದಕ್ಷಿಣದವರಿಗೆ ನಿಮ್ಹಾನ್ಸ್ ಇವೆ. ನಿಮ್ಮ ಕಾಯಿಲೆಯ ವಿವರವನ್ನು ಗುಟ್ಟಾಗಿ ಇಡಬೇಕೆಂಬುದು ಕಾನೂನು. ಮಾಲೀಕನಿಗೆ ಹೇಳಬೇಕೋ ಬೇಡವೋ ಎಂಬುದು ನಿಮಗೆ ಬಿಟ್ಟದ್ದು.

ವೈದ್ಯರಿಗೆ ಮೂರು ಸಂಗತಿಗಳನ್ನು ತಪ್ಪದೆ ತಿಳಿಸಿ: ಯಾವ ಪ್ರಾಣಿಯ ಯಾವ ಕೆಲಸ ಮಾಡುತ್ತೀರಿ, ಯಾವ ಹೊತ್ತಿಗೆ ಕತ್ತಿ ಅಥವಾ ಮೂಳೆ ಕೊಯ್ಯುವ ಯಂತ್ರ ಹಿಡಿಯುತ್ತೀರಿ, ಎಷ್ಟು ಕುಡಿಯುತ್ತೀರಿ. ಕೆಲವು ಮಾತ್ರೆಗಳು ಮಂಪರು ತರುತ್ತವೆ. ಬೆಳಗಿನ ಜಾವ ಮೂರಕ್ಕೆ ಏಳುವವನಿಗೆ ರಾತ್ರಿ ಹತ್ತಕ್ಕೆ ನಿದ್ದೆಯ ಮಾತ್ರೆ ಬರೆದರೆ ಮಂಪರಿನಲ್ಲೇ ಮಚ್ಚು ಎತ್ತಬೇಕಾಗುತ್ತದೆ. ಕೆಲಸದ ಹೊತ್ತು ತಿಳಿದರೆ ವೈದ್ಯರು ಬೇರೆ ಮಾತ್ರೆಯನ್ನೋ ಬೇರೆ ಸಮಯವನ್ನೋ ಹೇಳುತ್ತಾರೆ. ಖಿನ್ನತೆಯ ಮಾತ್ರೆಗಳ ಗುಣ ಕಾಣಿಸಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಮೊದಲ ವಾರ ಹೊಟ್ಟೆ ತೊಳಸಿದಂತಾದರೆ ಹೆದರಿ ಬಿಡಬೇಡಿ, ಗುಣವಾಯಿತೆಂದು ನೀವಾಗಿ ನಿಲ್ಲಿಸಬೇಡಿ. ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ನಿದ್ದೆಯ ಮಾತ್ರೆ ಕೊಳ್ಳುವುದು ಇನ್ನೊಂದು ಚಟಕ್ಕೆ ದಾರಿ. ಕೆಟ್ಟ ಕನಸು, ಮತ್ತೆ ಮತ್ತೆ ಕಣ್ಣ ಮುಂದೆ ಬರುವ ದೃಶ್ಯಗಳಿಗೆ ಮಾತ್ರೆಯ ಜೊತೆಗೆ ಮಾತಿನ ಚಿಕಿತ್ಸೆಯೂ ಇದೆ, ಆಪ್ತಸಮಾಲೋಚಕರು ಸಿಗುತ್ತಾರೆಯೇ ಎಂದು ಕೇಳಿ.

ಎಂಟನೆಯ ಹೆಜ್ಜೆ: ಕೆಲಸ ಬಿಡುವುದಾದರೆ ಹೇಗೆ

ಇಷ್ಟೆಲ್ಲ ಮಾಡಿದ ಮೇಲೂ ಕತ್ತಿ ಮುಟ್ಟಲು ಕೈ ಹೋಗದಿದ್ದರೆ ಬಿಡುವುದು ಸೋಲಲ್ಲ. ಆದರೆ ಖಿನ್ನತೆ ತೀವ್ರವಾಗಿರುವಾಗ, ಜಗಳದ ಸಿಟ್ಟಿನಲ್ಲಿ, ಒಂದೇ ರಾತ್ರಿಯಲ್ಲಿ ಬಿಟ್ಟುಬಿಟ್ಟರೆ ಸಾಲ ಮತ್ತು ಕೆಲಸವಿಲ್ಲದ ಚಿಂತೆ ಹೊಸದಾಗಿ ಸೇರಿಕೊಳ್ಳುತ್ತವೆ. ಚಿಕಿತ್ಸೆ ಶುರುವಾಗಿ ನಿದ್ದೆ ಒಂದು ಹದಕ್ಕೆ ಬಂದ ಮೇಲೆ ನಿರ್ಧರಿಸಿ. ಮೊದಲು ಕೊಯ್ಯುವ ಜಾಗದಿಂದ ಮಾತ್ರ ಸರಿದು ನೋಡಿ: ತುಂಡು ಮಾಡುವುದು, ಗಲ್ಲಾ, ಮನೆಗಳಿಗೆ ಮಾಂಸ ತಲುಪಿಸುವುದು ಇವುಗಳಲ್ಲಿ ಯಾವುದಾದರೂ ಸಿಕ್ಕರೆ ಸಂಬಳ ನಿಲ್ಲುವುದಿಲ್ಲ, ಭಾರ ಇಳಿಯುತ್ತದೆ. ಮಾಂಸದ ಗುಣ, ತುಂಡಿನ ಲೆಕ್ಕ ಬಲ್ಲವರಿಗೆ ಬಾಡೂಟದ ಅಡುಗೆ ಗುತ್ತಿಗೆಯವರ ಬಳಿ, ಹೋಟೆಲ್ ಅಡುಗೆಮನೆಯಲ್ಲಿ, ಕುರಿ ಸಾಕಣೆಯಲ್ಲಿ ಬೆಲೆಯಿದೆ. ಬಾಕಿ ಸಂಬಳ ಮತ್ತು ಮುಂಗಡದ ಲೆಕ್ಕವನ್ನು ಬರವಣಿಗೆಯಲ್ಲಿ ತೀರಿಸಿಕೊಂಡು ಹೊರಡಿ; ಮಾಲೀಕ ಸಂಬಳ ತಡೆಹಿಡಿದರೆ ಕಾರ್ಮಿಕ ಇಲಾಖೆಯ ನಿರೀಕ್ಷಕರ ಕಚೇರಿಗೆ ದೂರು ಕೊಡಿ. ಊರು ಬದಲಾಯಿಸುವುದಾದರೆ ಆಸ್ಪತ್ರೆಯ ಚೀಟಿಯನ್ನೂ ಒಂದು ತಿಂಗಳಿಗಾಗುವಷ್ಟು ಮಾತ್ರೆಯನ್ನೂ ಜೊತೆಗೆ ಕೊಂಡೊಯ್ದು, ಹೋದ ಊರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಆ ಚೀಟಿ ತೋರಿಸಿ ಚಿಕಿತ್ಸೆ ಮುಂದುವರಿಸಿ.